ಕುಕ್ಕೆಯೊಳಗಿನ ನೀಲಿ ಹೂ

ಬಿಳಿಗೆರೆಯ ಮಾದಯ್ಯನವರು ಪ್ರತಿ ಸೋಮವಾರ ಸಂಜೆ ಮನೆಯ ಜಗಲಿಯ ಮೇಲೆ ಕೂತು ಶರಣರ ಕತೆಯನ್ನು ರಾಗವಾಗಿ ಓದುತ್ತಿದ್ದರು. ಒಂದು ಪದ್ಯ ಮುಗಿದಾಗ ಎದುರು ಕೂತವರು 'ಹೂಂ' ಎನ್ನಬೇಕು. ಎನ್ನದಿದ್ದರೆ ಮುಂದಿನ ಪದ್ಯ ಎತ್ತುವಂತಿಲ್ಲ. ಅದು ಅವರ ತಂದೆಯ ಕಾಲದ ಕಟ್ಟಳೆ. ಊರಿನ ಭಕ್ತಿಗೇನೂ ಕೊರತೆಯಿರಲಿಲ್ಲ. ಆ ಹೊತ್ತಿಗೆ ಅದಷ್ಟೂ ಟಿವಿಯ ಮುಂದೆ ಧಾರಾವಾಹಿ ನೋಡುತ್ತ ಕೂತಿರುತ್ತಿತ್ತು, ಅಷ್ಟೆ. ಉಳಿದ ಒಬ್ಬನೇ ಕೇಳುಗ ಸಿದ್ದಯ್ಯ. ಅವನು ಮೊದಲ ಪದ್ಯಕ್ಕೇ ಕಣ್ಣು ಮುಚ್ಚುತ್ತಿದ್ದ. ಅವನ ಗೊರಕೆಯನ್ನೇ ಹೂಂ ಎಂದುಕೊಂಡು ಮಾದಯ್ಯನವರು ಮುಂದಕ್ಕೆ ಹೋಗುತ್ತಿದ್ದರು.

ಅವರ ಹೆಂಡತಿ ಸರ್ವಮಂಗಳಮ್ಮನ ಭಕ್ತಿ ಹಿತ್ತಲಿನಲ್ಲಿತ್ತು. ಮಗಳು ಅರ್ಪಿತ ತಂದುಕೊಟ್ಟ ಕ್ಯಾಟ್‌ಮಿಂಟ್ ಎಂಬ ಪುದೀನ ಜಾತಿಯ ಗಿಡದ ಬೀಜವನ್ನು ದೀಪಾವಳಿ ಕಳೆದ ಮೇಲೆ ಮರಳು ಬೆರೆಸಿದ ಮಣ್ಣಿಗೆ ಹಾಕಿ, ಬುಡದಲ್ಲಿ ನೀರು ನಿಲ್ಲದಂತೆ, ಮಧ್ಯಾಹ್ನದ ಬಿಸಿಲು ಬಡಿಯದಂತೆ ನುಗ್ಗೆಮರದ ನೆರಳಲ್ಲಿ ಸಾಕಿದ್ದರು. ಬೀಜದ ಪೊಟ್ಟಣದ ಮೇಲಿದ್ದ ನೀಲಿ ಹೂವನ್ನು ತಮ್ಮ ಹಿತ್ತಲಲ್ಲಿ ಒಂದು ಸಲ ನೋಡಬೇಕು. ಬೇರೇನೂ ಬೇಡಿರಲಿಲ್ಲ.

ಎಲೆ ಘಮ್ಮೆಂದಿತು. ಘಮ್ಮೆನ್ನುವುದು ಮೊದಲು ಶಿವನಿಗೆ ಎಂದು ಮಾದಯ್ಯನವರು ದಿನಾ ಕುಡಿ ಚಿವುಟಿ ಪೂಜೆಗೆ ಏರಿಸಿದರು. ಸೋಮವಾರ ಸಂಜೆ ಅದನ್ನೇ ಪ್ರಸಾದವೆಂದು ಕಿವಿಗೆ ಸಿಕ್ಕಿಸಿಕೊಂಡು ಓದಲು ಕೂತರು.

"ಊ ಬುಡೋಗಂಟ ಮುಟ್ಬ್ಯಾಡಿ ಅಂದಿದ್ನಲ್ರೀ!"

"ಸಿವನ್ಗಿಲ್ದಿದ್ದ ಊವು ನಿಂಗ್ಯಾಕೆ ಕಣೆ?"

ಒಂದು ಸೋಮವಾರ ಆ ಎಲೆಯ ವಾಸನೆಗೆ ಮರುಳಾಗಿ ಮೂರು ಕೊತ್ತಿಗಳು ಜಗಲಿ ಹತ್ತಿದವು. ಮಾದಯ್ಯನವರ ಭುಜಕ್ಕೆ ಮುಖ ಉಜ್ಜಿ, ಪುಸ್ತಕದ ಮುಂದೆ ಹೊರಳಿ, ಕಣ್ಣು ಅರೆಮುಚ್ಚಿ 'ಗುರ್ರ್' ಎಂದವು. ಮಾದಯ್ಯನವರ ಕಣ್ಣು ತುಂಬಿ ಬಂತು.

"ನೋಡ್ಲಾ ಸಿದ್ದ, ಓದ ಜನ್ಮದ ಸರಣ್ರು ಕಣ್ಲಾ ಇವು. ಎಂಗೆ ಊಂ ಅಂತಾವೆ!"

"ನಾನು ಈ ಜನ್ಮದವ್ನು ಸಾ. ಇವ್ರೇ ಸಾಕಲ್ಲ, ಬತ್ತೀನಿ," ಎಂದು ಸಿದ್ದಯ್ಯ ಎದ್ದ. ಮತ್ತೆ ಬರಲಿಲ್ಲ.

ಶರಣರು ಮಾತ್ರ ತಪ್ಪದೆ ಬಂದರು. ಓದು ಮುಗಿದ ಮೇಲೆ ಹಿತ್ತಲಿಗೂ ಹೋಗಿ ಗಿಡದ ಮೇಲೆ ಉರುಳುಸೇವೆ ಮಾಡಿದರು. ಮಾಘ ಬರುವಷ್ಟರಲ್ಲಿ ಗಿಡ ಅರ್ಧವಾಯಿತು. ಸರ್ವಮಂಗಳಮ್ಮ ಮುರಿದ ಕಡ್ಡಿಗಳನ್ನು ಆಯ್ದು ಒಂದು ಕುಂಡದ ಮರಳಿಗೆ ಚುಚ್ಚಿ ಮನೆಯೊಳಗಿಟ್ಟರು. ಅವು ಚಿಗುರಿದ ಮೇಲೆ ಪಕ್ಕದ ಬೀದಿಯ ಮಂಚಮ್ಮನ ಹತ್ತಿರ ಕೋಳಿ ಮುಚ್ಚುವ ಕುಕ್ಕೆ ಕೇಳಿ ತಂದು, ಹಿತ್ತಲಲ್ಲಿ ಉಳಿದ ಗಿಡಕ್ಕೆ ಕವುಚಿ, ಮೇಲೊಂದು ಕಲ್ಲು ಹೇರಿದರು. ಮೊಟ್ಟೆ ಎಂಬ ಮಾತೂ ಆಡದ ಮನೆಗೆ ಕೋಳಿ ಕುಕ್ಕೆ! ಮಾದಯ್ಯನವರು ಅದರ ಹತ್ತಿರ ಸುಳಿಯಲಿಲ್ಲ.

ಮುಂದಿನ ಸೋಮವಾರ ಕಿವಿಯ ಮೇಲೆ ಎಲೆಯಿಲ್ಲ. ಎದುರಿಗೆ ಶರಣರೂ ಇಲ್ಲ. ಮಾದಯ್ಯನವರು ಮೊದಲ ಪದ್ಯ ಓದಿ ಕಾದರು. ಯಾರೂ ಹೂಂ ಎನ್ನಲಿಲ್ಲ. ಪುಸ್ತಕ ಮಡಚಿಟ್ಟು, ಮೆಲ್ಲನೆ ಹಿತ್ತಲಿಗೆ ಹೋಗಿ ಮಡಿಪಂಚೆಯಲ್ಲೇ ಆ ಕುಕ್ಕೆಯ ಮೇಲಿನ ಕಲ್ಲು ಇಳಿಸಿದರು.

"ಈಗ್ಲೂ ಸಿವನ್ಗೇ ಏನ್ರೀ?" ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತಿದ್ದರು.

ಮಾದಯ್ಯನವರು ನೆಲ ನೋಡಿದರು. "ಒಂದೇ ಒಂದು ಕುಡಿ ಕಣೆ. ಒಬ್ನೇ ಎಂಗೆ ಓದ್ಲಿ?"

ಸರ್ವಮಂಗಳಮ್ಮ ಒಳಗಿನಿಂದ ಕುಂಡ ತಂದು ಅವರ ಕೈಗಿಟ್ಟರು. "ನಿಮ್ ಸರಣ್ರು ಮುರ್ದಾಕಿದ್ ಕಡ್ಡಿ. ಬೇರು ಬುಟ್ಟದೆ. ಇದು ನಿಮ್ದು. ಕುಕ್ಕೆ ಒಳ್ಗಿರೋದು ನಂದು."

ಕುಂಡ ಜಗಲಿ ಸೇರಿತು. ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದ ಎರಡನೆಯ ಪದ್ಯ ಕೇಳಿಸಿತು.

ಸರ್ವಮಂಗಳಮ್ಮ ಕುಕ್ಕೆಯನ್ನು ಎತ್ತಿ ನೋಡಿದರು. ಚಿವುಟಿದಲ್ಲೆಲ್ಲ ಗಿಡ ಎರಡೆರಡು ಕವಲೊಡೆದಿತ್ತು. ಒಂದು ಕವಲಿನ ತುದಿಯಲ್ಲಿ ಪುಟ್ಟದೊಂದು ನೀಲಿ. ಅವರು ಬಗ್ಗಿ, ಶಿವನಿಗಿಂತ ಮೊದಲು, ಅದನ್ನು ಮೂಸಿದರು.