ಬೆನ್ನಿನ ಜಿಪ್ಪು

ಸಿಗ್ನೆ ಕಾರಿನ ಮರೆಯಲ್ಲಿ ನಿಂತು ದಪ್ಪ ರಬ್ಬರ್ ಸೂಟಿನೊಳಗೆ ಮೈ ತುರುಕುತ್ತಿದ್ದಳು. ದೊಡ್ಡಪ್ಪ ಸ್ಟೈನಾರ್ ಬಿಸಿನೀರಿನ ಫ್ಲಾಸ್ಕ್ ಹಿಡಿದು ಗಾಳಿಗೆ ಬೆನ್ನು ಕೊಟ್ಟಿದ್ದ. ಉತ್ತರ ಧ್ರುವವೃತ್ತದೊಳಗಿನ ಲೋಫೋಟೆನ್ ದ್ವೀಪಗಳ ಫೆಬ್ರವರಿ. ನಡುಹಗಲಾದರೂ ಬಿಸಿಲಿಗೆ ಏಳುವ ಮನಸ್ಸಿರಲಿಲ್ಲ. ಅವಳ ಅಪ್ಪ ಇಂಗ್ವಾಲ್ಡ್ ಇದೇ ದಡದಲ್ಲಿ ಸತ್ತು ಐದು ವಾರವಾಗಿತ್ತು. ಆಮೇಲೆ ಅವಳು ಸರ್ಫಿಂಗ್ ಹಲಗೆ ಹಿಡಿದು ಅಲೆ ಹತ್ತಲು ಬಂದದ್ದು ಇದೇ ಮೊದಲು.

“ಒಬ್ಳೇ ಹೋದ್ರೆ ಕಾಲು ಮುರೀತೀನಿ ಅಂದ್ಲು ಅಮ್ಮ. ನಿಮ್ಮನ್ನ ಬಿಟ್ರೆ ಜಿಪ್ಪು ಎಳೆಯೋರು ಇನ್ಯಾರಿದ್ದಾರೆ ದೊಡ್ಡಪ್ಪ?” ಎಂದಳು.

ಅಲ್ಲಿ ಜಿಪ್ಪು ಎಳೆಯುವುದು ಸಣ್ಣ ಮಾತಲ್ಲ. ಆ ನೀರಿನಲ್ಲಿ ಎರಡು ಗಂಟೆ ಹಲಗೆಯ ಮೇಲೆ ಆಡಿ ಬಂದವನ ಬೆರಳು ಮರದ ಚಕ್ಕೆಯಾಗಿರುತ್ತದೆ. ಬೆನ್ನ ಮೇಲೆ ಜೋತಾಡುವ ಜಿಪ್ಪಿನ ದಾರ ಕೈಗೆ ತಾಗಿದರೂ ಹಿಡಿತಕ್ಕೆ ಸಿಗುವುದಿಲ್ಲ; ಒದ್ದೆ ಸೂಟು ಬಿಚ್ಚದಿದ್ದರೆ ಮೈಯೇ ಮರಗಟ್ಟುತ್ತದೆ. ಅದಕ್ಕೇ ಸರದಿ: ಒಬ್ಬ ನೀರಿನಲ್ಲಿದ್ದರೆ ಇನ್ನೊಬ್ಬ ದಡದಲ್ಲಿರಬೇಕು, ಅವನು ಬಂದೊಡನೆ ಜಿಪ್ಪು ಎಳೆದು, ಕೈಮೇಲೆ ಬೆಚ್ಚನೆಯ ನೀರು ಸುರಿಯಬೇಕು. ಮುಳುಗುಗಾರರು ಬಿಸಾಡಿದ ಸೂಟುಗಳಿಗೆ ತೇಪೆ ಹಾಕಿಕೊಂಡು ಇಳಿದ ಕಾಲದಿಂದ ಇಪ್ಪತ್ತೇಳು ವರ್ಷ ಅಣ್ಣ ತಮ್ಮ ಹೀಗೆ ಒಬ್ಬರ ಬೆನ್ನು ಒಬ್ಬರು ನೋಡಿಕೊಂಡಿದ್ದರು.

ಆಮೇಲೆ ಜಗಳ ಬಂತು. ಈ ಕೊಲ್ಲಿಯ ಅಲೆಯನ್ನು ಹೊರಗಿನವರಿಗೆ ತೋರಿಸಬಾರದೆಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. ಇಂಗ್ವಾಲ್ಡ್ ಒಬ್ಬ ಫೋಟೋದವನನ್ನು ಕರೆತಂದ. ಚಿತ್ರ ಅಚ್ಚಾಯಿತು. ಮುಂದಿನ ವರ್ಷ ಮೀನು ಒಣಹಾಕುವ ಚಪ್ಪರದ ಬುಡದಲ್ಲೆಲ್ಲ ವ್ಯಾನುಗಳು, ಡೇರೆಗಳು, ಹೇಲು. “ಹೆತ್ತ ತಾಯಿನೂ ಮಾರ್ಕೊಂಡು ತಿಂತೀಯ” ಎಂದು ಸ್ಟೈನಾರ್ ನಾಲ್ಕು ಜನರೆದುರೇ ಅಂದುಬಿಟ್ಟ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ಹಂಚಿಕೊಳ್ಳಲು ಹೊಲವಿಲ್ಲದ ಈ ಪುಣ್ಯಾತ್ಮರು ಸಮುದ್ರವನ್ನೇ ಪಾಲು ಮಾಡಿಕೊಂಡರು. ಉಬ್ಬರಕ್ಕೆ ಅಣ್ಣ, ಇಳಿತಕ್ಕೆ ತಮ್ಮ. ನಾಲ್ಕು ವರ್ಷ ಮಾತಿರಲಿಲ್ಲ. ಸ್ಟೈನಾರ್‌ನ ಮನೆ ಕೊಲ್ಲಿಯ ಮೇಲೆಯೇ ಇದ್ದುದರಿಂದ ಅವನ ಜಿಪ್ಪನ್ನು ಹೆಂಡತಿ ಎಳೆಯುತ್ತಿದ್ದಳು. ಇಂಗ್ವಾಲ್ಡ್‌ನ ಮನೆಯಿದ್ದುದು ಗುಡ್ಡದಾಚೆ.

ಆ ದಿನ ಇಂಗ್ವಾಲ್ಡ್ ಕಾರಿನ ಕೀಲಿಯನ್ನು ಬಂಪರಿಗೆ ನೇತುಹಾಕಿದ ನಂಬರ್ ಬೀಗದ ಪೆಟ್ಟಿಗೆಯಲ್ಲಿಟ್ಟು ಒಬ್ಬನೇ ಇಳಿದಿದ್ದ. ಮೇಲೆ ಬಂದಾಗ ಆ ಪುಟ್ಟ ಅಂಕಿಗಳನ್ನು ತಿರುಗಿಸಲು ಬೆರಳು ಬರಲಿಲ್ಲ, ಜಿಪ್ಪೂ ಬರಲಿಲ್ಲ. ಸಂಜೆ ಹೆಂಡತಿ ಹುಡುಕಿಕೊಂಡು ಬಂದಾಗ ಟೈರಿಗೆ ಒರಗಿ ಕೂತಿದ್ದ. ಒಂದು ಕೈಗವಸು ಹಲ್ಲುಗಳ ನಡುವೆ ಇತ್ತು. ಮುನ್ನೂರು ಹೆಜ್ಜೆ ಮೇಲಿದ್ದ ಅಣ್ಣನ ಮನೆಗೆ ಅವನು ಹತ್ತಿ ಹೋಗಿರಲಿಲ್ಲ.

ಇಷ್ಟು ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಸ್ಟೈನಾರ್‌ನ ಹೊಟ್ಟೆಯಲ್ಲಿತ್ತು, ಐದು ವಾರದಿಂದ ಅವನನ್ನು ತಿನ್ನುತ್ತಿತ್ತು. ಹೇಳಿದರೆ ತಮ್ಮನ ಮನೆಯಲ್ಲಿ ತನಗೆ ಉಳಿದಿರುವ ಈ ಒಂದು ಜೀವವೂ ಕೈಬಿಟ್ಟು ಹೋಗುತ್ತದೆ. ಹೇಳದೆ ಅವಳ ಬೆನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

“ಸಿಗ್ನೆ, ಅವತ್ತು ನಾನು ನೋಡ್ದೆ.”

“ಏನ್ ನೋಡಿದ್ರಿ?”

“ನಿಮ್ಮಪ್ಪನ್ನ. ಅಡಿಗೆಮನೆ ಕಿಟಕಿಯಿಂದ. ಕಾರಿನ ಹಿಂದೆ ಬಗ್ಗಿದ್ದ. ತುಂಬ ಹೊತ್ತು ಬಗ್ಗೇ ಇದ್ದ. ಪೆಟ್ಟಿಗೆ ತೆಗೆಯೋಕೆ ಆಗ್ತಿಲ್ಲ ಅಂತ ನಂಗೆ ಗೊತ್ತಾಯ್ತು.” ಅವನು ಮೇಲಿನ ಕಿಟಕಿಯತ್ತ ನೋಡಿದ. “ಬೇಕಾದ್ರೆ ಅವ್ನೇ ಬಂದು ಕರೀಲಿ ಅಂದ್ಕೊಂಡೆ. ಪರದೆ ಎಳೆದು ಕಾಫಿಗೆ ಕೂತೆ.”

ಸಿಗ್ನೆ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಹಿಂದಕ್ಕೆ ಹಾಕಿ, ದಾರ ಹಿಡಿದು, ಜಿಪ್ಪನ್ನು ತಾನೇ ಮೇಲಕ್ಕೆ ಎಳೆದುಕೊಂಡಳು. ಬೆಚ್ಚಗಿರುವ ಬೆರಳಿಗೆ ಅದು ಸುಲಭ. ಕೀಲಿಯನ್ನು ಅವನಿಗೆ ಕೊಡದೆ ಬಂಪರಿನ ಪೆಟ್ಟಿಗೆಯಲ್ಲಿಟ್ಟು, ಹಲಗೆ ಎತ್ತಿಕೊಂಡು ನೀರಿಗೆ ನಡೆದಳು.

ಸ್ಟೈನಾರ್ ಫ್ಲಾಸ್ಕನ್ನು ಉಣ್ಣೆಯ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಿಂತ. ದೂರದಲ್ಲಿ ಅವಳು ಅಲೆಯ ಮೇಲೆ ಎದ್ದಳು. ಎಡ ಮೊಣಕಾಲನ್ನು ಒಳಕ್ಕೆ ಮಡಿಸುವ ಅದೇ ರೀತಿ, ಅಪ್ಪನದೇ. ಎಷ್ಟು ಬೈದರೂ ಇಂಗ್ವಾಲ್ಡ್ ತಿದ್ದಿಕೊಂಡಿರಲಿಲ್ಲ. ಸ್ಟೈನಾರ್ ಅತ್ತ, ನೋಡುವವರು ಯಾರೂ ಇರಲಿಲ್ಲವಾಗಿ ಜೋರಾಗಿಯೇ ಅತ್ತ.

ಒಂದೂವರೆ ಗಂಟೆಯ ಮೇಲೆ ಅವಳು ದಡಕ್ಕೆ ಬಂದಳು. ಅವನನ್ನು ದಾಟಿ ನೆಟ್ಟಗೆ ಕಾರಿನ ಹತ್ತಿರ ಹೋಗಿ ಪೆಟ್ಟಿಗೆಗೆ ಬಗ್ಗಿದಳು. ಅದೇ ಕಾರು, ಅದೇ ಪೆಟ್ಟಿಗೆ. ಕೈಗವಸನ್ನು ಹಲ್ಲಿನಿಂದ ಕಿತ್ತಳು. ಬೆರಳು ಅಂಕಿಗಳ ಮೇಲೆ ಜಾರಿತು, ಮತ್ತೆ ಜಾರಿತು. ತುಟಿ ನೀಲಿಯಾಗಿತ್ತು. ಅವಳು ಕರೆಯಲಿಲ್ಲ.

ಕರೆಯಲಿ ಎಂದು ಕಾಯುವುದನ್ನು ಸ್ಟೈನಾರ್ ಒಮ್ಮೆ ಮಾಡಿ ನೋಡಿದ್ದ. ಅವನು ನಡೆದು ಹತ್ತಿರ ಹೋದ.

“ಮುಟ್ಬೇಡಿ ನನ್ನ.” ಅವಳು ಮೊಣಕೈಯಿಂದ ನೂಕಿದಳು.

“ಬಯ್ಕೊ. ಹೊಡಿ ಬೇಕಾದ್ರೆ. ನಾನಂತೂ ಹೋಗಲ್ಲ. ನಂಬರ್ ಹೇಳು.”

ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಕೊನೆಗೆ ಹೇಳಿದಳು. ಅವನು ಪೆಟ್ಟಿಗೆ ತೆಗೆದು, ಕಾರಿನ ಬಾಗಿಲು ತೆರೆದು, ಅವಳ ಬೆನ್ನಿನ ದಾರ ಹಿಡಿದು ಜಿಪ್ಪನ್ನು ಸೊಂಟದವರೆಗೆ ಎಳೆದ. ಒಣ ಕಂಬಳಿ ಹೊದಿಸಿದ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅವಳ ಕೈಮೇಲೆ ನೀರು ಸುರಿದ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಬೆರಳಿಗೆ ರಕ್ತ ಹರಿಯುವ ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ಆ ಕೈಗಳನ್ನೇ ನೋಡುತ್ತಾ ಕೇಳಿದಳು:

“ಅಪ್ಪಂಗೆ ಬೇಕಾಗಿದ್ದಿದ್ದು ಇಷ್ಟೇನಾ, ದೊಡ್ಡಪ್ಪ?”

“ಇಷ್ಟೇ ಕಣಮ್ಮ” ಎಂದು ಅವನು ಫ್ಲಾಸ್ಕಿನಲ್ಲಿ ಉಳಿದ ನೀರನ್ನೂ ಸುರಿದ.