ಹದಿನೆಂಟು ದೇಶದ ಅಡಿಗೆಮನೆ

ಪುಣೆಯ ಕೊಂಢವಾ ಬಡಾವಣೆಯ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಯಾರ ಮೊಬೈಲಿಗಾದರೂ ಪರದೇಶದ ಚಿತ್ರ ಬಂದರೆ ಅವರು ಮೊದಲು ಬಡಿಯುತ್ತಿದ್ದದ್ದು ಮೂರನೆಯ ಮಹಡಿಯ ಅನುಸೂಯಾಳ ಬಾಗಿಲು. ಅನುಸೂಯಾ ಪುಣೆ ಬಿಟ್ಟು ಹೊರಗೆ ಹೋದದ್ದೆಂದರೆ ಇಂಡಿ ಕಡೆಯ ತವರಿಗೆ, ಮತ್ತೊಮ್ಮೆ ಲೋಣಾವಳಾಕ್ಕೆ. ಅಲ್ಲಿಯೂ ಮಳೆ ಜಡಿದು, ಚಿಕ್ಕಿ ಅಂಗಡಿಯ ತಗಡಿನ ಕೆಳಗೆ ಎರಡು ತಾಸು ನಿಂತು ವಾಪಸು ಬಂದಿದ್ದಳು. ಆದರೆ ನಯಾಗರಾ ಜಲಪಾತದ ಬಗ್ಗೆ ಅವಳು ಹೇಳುವುದನ್ನು ಕೇಳಬೇಕು! ಕೈಯಲ್ಲಿ ಸೌಟು ಹಿಡಿದೇ ಸುರು ಮಾಡುತ್ತಿದ್ದಳು: "ಅಯ್ಯ, ನೀರಂದ್ರ ನೀರೇನ್ರಿ ಅದು! ಒಂದು ಹರದಾರಿ ದೂರ ನಿಂತರೂ ಹನಿ ಬಂದು ಮಾರಿಗಿ ಬಡಿತಾವ. ಮಾತಾಡಿದ್ರ ಬಾಜೂದವರಿಗೆ ಕೇಳೂದಿಲ್ಲ. ನಮ್ಮ ಮನಿಯವರು ನೋಡಿ ಬಂದಾರಲ್ಲ!"

ಮನೆಯವರು ಅಂದರೆ ಲಾಲಪ್ಪ. ಸ್ವಾರಗೇಟಿನ ಹತ್ತಿರದ ಒಂದು ಪ್ರವಾಸ ಕಂಪನಿಯಲ್ಲಿ ಅಡಿಗೆಯವನು. ಪುಣೆಯ ಮಂದಿ ಭೂಮಿಯ ಯಾವ ಮೂಲೆಗೆ ಹೋದರೂ ರಾತ್ರಿ ಬೇಳೆ-ಅನ್ನ, ಅವರು ಪೋಳಿ ಅನ್ನುವ ಎರಡು ಚಪಾತಿ ಬೀಳದಿದ್ದರೆ ನಿದ್ದೆ ಹತ್ತುವುದಿಲ್ಲ. ಹಾಗಾಗಿ ನಲವತ್ತು ಪ್ರವಾಸಿಗರ ಜೊತೆ ಕಂಪನಿ ಒಬ್ಬ ಅಡಿಗೆಯವನನ್ನೂ, ಪೋಳಿ ಲಟ್ಟಿಸಲು ಒಬ್ಬ ಹೆಂಗಸನ್ನೂ ಕಳಿಸುತ್ತದೆ. ಅಡಿಗೆಯವನಿಗೆ ಎಲ್ಲರೂ 'ಮಹಾರಾಜ' ಅನ್ನುತ್ತಾರೆ. ಹನ್ನೊಂದು ವರ್ಷದಲ್ಲಿ ಈ ಮಹಾರಾಜ ಹದಿನೆಂಟು ದೇಶ ಸುತ್ತಿದ್ದ.

ಸುತ್ತಿದ್ದೇನೋ ನಿಜ. ನೋಡಿದ್ದು ಮಾತ್ರ ಹದಿನೆಂಟು ದೇಶಗಳ ಹೋಟೆಲಿನ ನೆಲಮಾಳಿಗೆ.

ನಸುಕಿನಲ್ಲೆದ್ದು ಉಪ್ಪಿಟ್ಟು, ಚಹಾ ಮಾಡಬೇಕು. ಪ್ರವಾಸಿಗರು ಟೋಪಿ ಹಾಕಿಕೊಂಡು ಬಸ್ಸು ಹತ್ತಿದ ಮೇಲೆ ಇವನು ಪಾತ್ರೆ ತಿಕ್ಕಿ, ಒಲೆ, ಕುಕ್ಕರು, ಹಿಟ್ಟಿನ ಚೀಲಗಳ ಜೊತೆ ಸಾಮಾನಿನ ವ್ಯಾನು ಹತ್ತಬೇಕು. ಆ ವ್ಯಾನಿಗೆ ಹಿಂದುಗಡೆ ಕಿಟಕಿಯಿಲ್ಲ. ಮುಂದಿನ ಊರಲ್ಲಿ ಬಾಗಿಲು ತೆರೆದರೆ ಮತ್ತೊಂದು ಹೋಟೆಲಿನ ಹಿತ್ತಲು, ಕಸದ ಡಬ್ಬಿ, ಕೆಳಗಿಳಿಯುವ ಮೆಟ್ಟಿಲು. ತಾನಿರುವುದು ಸ್ವಿಟ್ಜರ್ಲೆಂಡೋ ಇಟಲಿಯೋ ಎಂಬುದು ಲಾಲಪ್ಪನಿಗೆ ಗೊತ್ತಾಗುತ್ತಿದ್ದದ್ದು ಹಾಲಿನ ಡಬ್ಬಿಯ ಮೇಲಿನ ಅಕ್ಷರದಿಂದ.

ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಮೊದಲನೆಯ ಸಲ ಪ್ಯಾರಿಸ್ಸಿಗೆ ಹೋದಾಗ, ಬೇಳೆ ನೆನೆಹಾಕಿ, ಐಫೆಲ್ ಟವರ್ ನೋಡಿಬರೋಣ ಅಂತ ಹೊರಟಿದ್ದ. ಹತ್ತಬಾರದ ರೈಲು ಹತ್ತಿದ. ಮರಳಿ ಹೋಟೆಲು ಸೇರಿದಾಗ ನಲವತ್ತು ಮಂದಿ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜನ ಕೈ ನಡುಗುತ್ತಿತ್ತು. "ಇನ್ನೊಮ್ಮೆ ಹೀಗೆ ಮಾಡಿದರೆ ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ" ಅಂದಿದ್ದಳು ಪ್ರವಾಸ ನಡೆಸುವ ಕೇತಕಿ ಮೇಡಂ, ಮರಾಠಿಯಲ್ಲಿ, ನಗದೆ. ಅಂದಿನಿಂದ ಲಾಲಪ್ಪ ಯಾವ ದೇಶದಲ್ಲೂ ಹೋಟೆಲಿನ ಹೊಸ್ತಿಲು ದಾಟಿರಲಿಲ್ಲ.

ಅದನ್ನು ಊರಿಗೆ ಬಂದು ಹೇಳುವುದು ಹೇಗೆ? ಆ ಸಲ ಅವನು ಬಾಗಿಲಲ್ಲಿ ಚೀಲ ಇಳಿಸುವಷ್ಟರಲ್ಲಿ ಕಟ್ಟಡದ ಹೆಂಗಸರೆಲ್ಲ ಮನೆಯಲ್ಲಿ ಸೇರಿದ್ದರು. ಅನುಸೂಯಾ ಹೊಸ ಸೀರೆ ಉಟ್ಟು ಕೂತಿದ್ದಳು. "ಹೇಳ್ರಿ ಮತ್ತ, ಹೆಂಗದ ಟವರು?" ಅಂದಳು. ಉಳ್ಳಾಗಡ್ಡಿ ಹೆಚ್ಚಿ ಬಂದೆ ಅನ್ನಲು ಅವನ ನಾಲಿಗೆ ಏಳಲಿಲ್ಲ. ಊಟದ ಸಾಲಿನಲ್ಲಿ ಪ್ರವಾಸಿಗರು ತಟ್ಟೆ ಹಿಡಿದು ಆಡಿಕೊಂಡ ಮಾತು ಕಿವಿಯಲ್ಲಿ ತುಂಬಿತ್ತು. ಅದನ್ನೇ ಹೇಳಿದ. ಮುಂದಿನ ಸಲವೂ ಹಾಗೇ ಆಯಿತು. ಆಮೇಲೆ ರುಚಿ ಹತ್ತಿತು. ಒಮ್ಮೆ ಒಬ್ಬಳು, "ಅಲ್ರಿ ಅಣ್ಣಾ, ಅಷ್ಟು ದೊಡ್ಡ ಪಾಳಿಯೊಳಗ ನಿಂದರ್ಲಿಕ್ಕೆ ನಿಮಗೆಲ್ಲಿ ಟೈಮ್ ಸಿಗ್ತದ?" ಎಂದು ಕೇಳಿದಾಗ ಅವನು ತಡೆಯದೆ ಉತ್ತರ ಕೊಟ್ಟಿದ್ದ: "ಪಾಳಿ ಪ್ರವಾಸಿಗರಿಗೆ. ನಾವು ಕಂಪನಿ ಮಂದಿ. ನಮಗ ಹಿಂದಿನ ಬಾಗಲಾ ಬ್ಯಾರೆನ ಇರ್ತದ, ಸೀದಾ ಒಳಗ!"

ಆ ಮಾತು ಈಗ, ಈ ಬೇಸಿಗೆಯಲ್ಲಿ, ಅವನ ಕುತ್ತಿಗೆಗೆ ಬಂದಿತ್ತು.

ಕಂಪನಿಯಲ್ಲಿ ಒಂದು ಪದ್ಧತಿ. ಹತ್ತು ವರ್ಷ ಮುಗಿಸಿದ ನೌಕರನ ಹೆಂಡತಿಯನ್ನೋ ಗಂಡನನ್ನೋ ಒಂದು ಪ್ರವಾಸಕ್ಕೆ ಅತಿಥಿಯಾಗಿ ಕರೆದುಕೊಂಡು ಹೋಗುತ್ತಾರೆ. ಎಲ್ಲರ ಹಾಗೆ ಕಿಟಕಿಯ ಸೀಟು, ಎಲ್ಲರ ಹಾಗೆ ಟೋಪಿ. ಅನುಸೂಯಾಳ ಹೆಸರು ಯುರೋಪಿನ ಪ್ರವಾಸಕ್ಕೆ ಬಂದಿತ್ತು. ಅತಿಥಿಯಾಗಿ ಬಂದರೆ ಬರಲಿ, ಅವಳು ಬಸ್ಸಿನಲ್ಲಿ, ತಾನು ವ್ಯಾನಿನಲ್ಲಿ; ಏನಾದರೂ ನೆಪ ಹೇಳಿ ಜಾರಿಕೊಳ್ಳಬಹುದು ಅಂತ ಲಾಲಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ. ಅಷ್ಟರಲ್ಲಿ ಪೋಳಿ ಲಟ್ಟಿಸುವ ನೀಲಿಮಾ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಳು. ಕೇತಕಿ ಮೇಡಂ ನೇರ ಅನುಸೂಯಾಳಿಗೇ ಫೋನು ಮಾಡಿ, ಮರಾಠಿಯವರ ರೂಢಿಯಂತೆ ಅತ್ತಿಗೆ ಎಂದು ಕರೆದು ಹೇಳಿದಳು: "ವಹಿನಿ, ಹೇಗೂ ಬರ್ತಿದ್ದೀರಿ. ಪೋಳಿ ಮಾಡುವವರಾಗಿ ಬನ್ನಿ. ಸಿಬ್ಬಂದಿಯ ಪಟ್ಟಿಗೆ ಹೆಸರು ಹಾಕ್ತೀನಿ. ಗುರುವಾರ ಬಂದು ವೀಸಾದ ಅರ್ಜಿಗೆ ಸಹಿ ಮಾಡಿ."

ಅನುಸೂಯಾ ಹೂಂ ಅಂದಳು. ಅಂದದ್ದಷ್ಟೇ ಅಲ್ಲ, ಕುಣಿದಳು.

"ನೀ ಅತಿಥಿ ಆಗೇ ಬಾ," ಅಂತ ಲಾಲಪ್ಪ ಮೂರು ದಿನ ಹೇಳಿದ. "ಕೆಲಸದ್ದು ಭಾಳ ತ್ರಾಸ."

"ತ್ರಾಸ ಏನ್ರಿ? ನಾ ಮನ್ಯಾಗ ಪೋಳಿ ಮಾಡೂದಿಲ್ಲೇನು? ಅತಿಥಿ ಆದ್ರ ತಾಸುಗಟ್ಟಲೆ ಪಾಳಿ ಹಚ್ಚಬೇಕು ಅಂತ ನೀವ ಹೇಳೀರಿ. ಕಂಪನಿ ಮಂದಿ ಆದ್ರ ಹಿಂದಿನ ಬಾಗಲಾ. ನೀವು ಕೆಲಸಾ ಮಾಡಿಕೋತನ ಎಲ್ಲಾ ನೋಡಿ ಬಂದ್ರಿ, ನನಗ ಆಗೂದಿಲ್ಲೇನು?"

ನಿಜ ಹೇಳಿದರೆ ಹನ್ನೊಂದು ವರ್ಷದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಇವಳು ಜೀವನದಲ್ಲಿ ಒಮ್ಮೆ ಬಂದ ಸೀಟನ್ನು ತಾನೇ ಕೈಯಾರೆ ಬಿಟ್ಟುಕೊಟ್ಟು, ನೆಲಮಾಳಿಗೆಯಲ್ಲಿ ದಿನಕ್ಕೆ ನೂರಿಪ್ಪತ್ತು ಪೋಳಿ ಲಟ್ಟಿಸಿ, ಏನೂ ನೋಡದೆ ಮರಳುತ್ತಾಳೆ. ಅದೂ ತನ್ನ ಮಾತು ನಂಬಿ. ಕೇತಕಿ ಮೇಡಂಗೆ ಒಳಗಿಂದೊಳಗೆ ಹೇಳಿ ನೋಡಿದ. "ವಹಿನಿನೇ ಸಂತೋಷದಿಂದ ಒಪ್ಪಿದಾರಲ್ಲಾ ಮಹಾರಾಜ, ನಿಮಗೇನು?" ಅಂದುಬಿಟ್ಟಳು.

ಗುರುವಾರ ಬಂತು. ಗಂಡ ಹೆಂಡತಿ ಸ್ವಾರಗೇಟಿನ ಬಸ್ಸು ಹತ್ತಿದರು. ಅನುಸೂಯಾಳಿಗೆ ಹೆಂಗಸರ ಕಡೆ ಸೀಟು ಸಿಕ್ಕಿತು. ಲಾಲಪ್ಪ ಅವಳ ಪಕ್ಕದಲ್ಲಿ ಸರಳು ಹಿಡಿದು ನಿಂತ. ಹಿಂದೊಬ್ಬರು, ಮುಂದೊಬ್ಬರು, ಬಗಲಿಗೊಂದು ಚೀಲ. ಕಾಲು ಎತ್ತಿದರೆ ಮತ್ತೆ ಇಡಲು ಜಾಗವಿಲ್ಲ. ಮೊದಲ ಸಿಗ್ನಲ್ಲಿನಲ್ಲೇ ಬಸ್ಸು ನಿಂತಿತು, ನಿಂತೇ ಇತ್ತು. ಅವಳು ಪಾಸ್‌ಪೋರ್ಟಿನ ಲಕೋಟೆಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಇಳಿಯುವಷ್ಟರಲ್ಲಿ ಹೇಳಬೇಕು. ಸುತ್ತಲೂ ಮರಾಠಿ ಮಂದಿ, ನಮ್ಮ ಮಾತು ಯಾರಿಗೆ ತಿಳಿದೀತು ಅಂತ ಲಾಲಪ್ಪ ಬಾಗಿದ.

"ಅನುಸೂಯಾ, ನೀ ಸಿಬ್ಬಂದಿ ಅಂತ ಸಹಿ ಮಾಡಬ್ಯಾಡ."

"ಮತ್ತ ಸುರು ಮಾಡಿದ್ರಿ?"

"ಹಿಂದಿನ ಬಾಗಲಾ ಇಲ್ಲ."

"ಏನು?"

"ಯಾವ ಬಾಗಲಾನೂ ಇಲ್ಲ ನಮಗ. ನಾ ಏನೂ ನೋಡಿಲ್ಲ."

ಅವಳು ಕತ್ತೆತ್ತಿ ನೋಡಿದಳು. "ಏನೂ ಅಂದ್ರ?"

"ಏನೂ ಅಂದ್ರ ಏನೂ. ಟವರು ನೋಡಿಲ್ಲ. ಹಿಮದ ಗುಡ್ಡಾ ನೋಡಿಲ್ಲ. ಅಡಗಿ ಮನಿ ಬಿಟ್ಟು..."

"ಸ್ವಲ್ಪ ಜೋರ್ಲೆ ಹೇಳೋ ತಮ್ಮಾ," ಅಂತ ಹಿಂದಿನ ಸೀಟಿನಿಂದ ಒಂದು ದನಿ ಬಂತು, ಅಚ್ಚ ವಿಜಾಪುರದ ಕನ್ನಡದಲ್ಲಿ. "ಎಂಜಿನ್ನಿನ ಸಪ್ಪಳದಾಗ ಅರ್ಧಾ ಮಾತು ಹೊಂಟು ಹೋಗ್ಲಿಕ್ಕತ್ತದ."

ಎಲೆ-ಅಡಿಕೆ ಹಾಕಿಕೊಂಡ ಒಬ್ಬ ಮುದುಕಿ. ಲಾಲಪ್ಪನ ಮುಖ ಬಿಸಿಯಾಯಿತು. ಇಳಿದು ಓಡೋಣವೆಂದರೆ ಬಾಗಿಲಿನ ತನಕ ಮೂವತ್ತು ಮಂದಿ.

"ನಾ ರುದ್ರವ್ವ, ಸಿಂದಗಿಯಾಕಿ. ನನ್ನ ಬಗ್ಗೆ ಸಂಕೋಚ ಮಾಡಬ್ಯಾಡ, ಹೇಳು," ಅಂದಳು ಮುದುಕಿ.

ಅನುಸೂಯಾ ಮುದುಕಿಯ ಕಡೆ ತಿರುಗಲೂ ಇಲ್ಲ. "ನಯಾಗರಾ?" ಅಂದಳು.

"ನೋಡಿಲ್ಲ."

"ಹನಿ ಮಾರಿಗಿ ಬಡಿತು ಅಂದ್ರಿ."

"ಪ್ರವಾಸಕ್ಕ ಬಂದ ಒಬ್ಬಾಕಿ ಊಟದ ಪಾಳಿಯೊಳಗ ಹೇಳಿದ್ಲು. ನನಗ ಬಡದದ್ದು ಕುಕ್ಕರಿನ ಉಗಿ."

"ರೋಮಿನ ಗುಮ್ಮಟದಾಗ ಪಿಸುಗುಟ್ಟಿದ್ರ ಏಳು ಸಲ ಕೇಳಸ್ತದ ಅಂದಿದ್ರಿ?"

"ಅದು ನಮ್ಮ ಗೋಳಗುಮ್ಮಟದ್ದು. ಸಾಲಿಯಿಂದ ಕರಕೊಂಡು ಹೋಗಿದ್ರು."

"ಹಾಂ, ಅದು ನಾನೂ ಕೇಳೀನಿ," ಅಂದಳು ರುದ್ರವ್ವ. ಆಮೇಲೆ ಬಹಳ ವಿಚಾರ ಮಾಡಿದವಳಂತೆ, "ಹಂಗಾದ್ರ ಆ ಟವರು ಖರೇನ ಅದನೋ ಇಲ್ಲೋ?" ಅಂತ ಕೇಳಿದಳು.

ಅನುಸೂಯಾ ಕೂಡ ಅದೇ ಅನುಮಾನ ಇದ್ದವಳಂತೆ ಗಂಡನ ಮುಖವನ್ನೇ ನೋಡಿದಳು.

"ಅದ ಅಂತಾರ," ಅಂದ ಲಾಲಪ್ಪ.

ಬಸ್ಸು ಜಗ್ಗಿಕೊಂಡು ಹೊರಟಿತು. ಎರಡು ಸ್ಟಾಪು ದಾಟಿದವು. ಅನುಸೂಯಾ ಕಿಟಕಿಯ ಆಚೆ ನೋಡುತ್ತಿದ್ದಳು. ಬೈದರೂ ಸೈ ಅಂತ ಲಾಲಪ್ಪ ಕಾದ. "ಏನರ ಅನ್ನು," ಅಂದ.

"ಸುಮ್ಮನಿರ್ರಿ. ಹನ್ನೊಂದು ವರ್ಷ ಯಾರ್ಯಾರಿಗೆ ಏನೇನು ಹೇಳೀನಿ ಅಂತ ನೆನಸ್ಲಿಕ್ಕತ್ತೀನಿ." ಸ್ವಲ್ಪ ಹೊತ್ತಿನ ಮೇಲೆ, "ನೀವರ ನೋಡಿ ಬಂದೀರಲ್ಲ ಅಂತ ತಿಳಕೊಂಡಿದ್ದೆ. ನಮ್ಮ ಮನಿಯಿಂದ ಯಾರೂ ನೋಡಿಲ್ಲ ಅಂದಂಗಾತು," ಅಂದಳು. ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಮನೆಯಲ್ಲಿ ಕಳವಾದಾಗ ಹೆಂಗಸರು ಒಂದೊಂದೇ ಡಬ್ಬಿ ತೆಗೆದು ನೋಡುವಾಗಿನ ದನಿ.

ಇಳಿಯುವಾಗ ರುದ್ರವ್ವ ಅವಳ ಸೆರಗು ಹಿಡಿದು ಹೇಳಿದಳು: "ತಂಗಿ, ಪೋಳಿ ಇಲ್ಲೂ ಮಾಡ್ತೀ. ನೋಡಿ ಬಾ."

ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ಪಿರಮಿಡ್ಡು, ಚೀನಾದ ಗೋಡೆ, ಕಡಿದ ಬಂಡೆಯ ಕಣಿವೆಗಳು. ಕೇತಕಿ ಮೇಡಂ ಎರಡು ಕಾಗದ ಮುಂದಿಟ್ಟು ಸಿಬ್ಬಂದಿಯದನ್ನು ಅನುಸೂಯಾಳ ಕಡೆ ಸರಿಸಿದಳು. ಅನುಸೂಯಾ ಅದನ್ನು ಹಿಂದಕ್ಕೆ ತಳ್ಳಿ ತನ್ನ ಅರ್ಧ ಕನ್ನಡದ ಮರಾಠಿಯಲ್ಲಿ, "ನಾನು ಅತಿಥಿ," ಅಂದಳು.

"ಅಯ್ಯೋ ವಹಿನಿ! ನೀವೇ ಹೂಂ ಅಂದಿರಿ. ಈಗ ಪೋಳಿಯವರನ್ನು ಎಲ್ಲಿಂದ ತರಲಿ? ವೀಸಾಕ್ಕೆ ಇವತ್ತೇ ಹೆಸರು ಹೋಗಬೇಕು. ಹಾಗಿದ್ದರೆ ನಿಮ್ಮ ಸೀಟು ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂಬ ಮಾತು ಕಂಪನಿಯಲ್ಲಿ ಏನೆಂದು ಲಾಲಪ್ಪನಿಗೆ ಗೊತ್ತಿತ್ತು. ಅನುಸೂಯಾಳ ಕೈ ಲಕೋಟೆಯ ಮೇಲೆ ಹಾಗೇ ನಿಂತಿತು.

"ಪೋಳಿನೂ ನಾನೇ ಮಾಡ್ತೀನಿ," ಅಂದ ಲಾಲಪ್ಪ.

"ನಲವತ್ತು ಮಂದಿಗೆ? ಒಬ್ಬರೇ? ಅಡಿಗೆಮನೆಯಿಂದ ತಲೆ ಹೊರಗೆ ಹಾಕೋಕೂ ಆಗಲ್ಲ ನಿಮಗೆ."

"ಆಗದಿದ್ದರೆ ಇಲ್ಲ."

ಕೇತಕಿ ಮೇಡಂ ಒಂದು ಖಾಲಿ ಕಾಗದವನ್ನು ಅವನ ಕಡೆ ಸರಿಸಿದಳು. ಆಮೇಲೆ, "ಲಿಖಿತದಲ್ಲಿ ಕೊಡಿ. ಊಟ ತಡ ಆಯಿತು ಅಂದರೆ ನಾನು ಕೇಳುವವಳಲ್ಲ," ಅಂದಳು. ಅವನು ಬರೆದುಕೊಟ್ಟ. ಹೆಂಡತಿ ಪಕ್ಕದ ಕಾಗದಕ್ಕೆ ಸಹಿ ಮಾಡಿದಳು. ಒಂದೇ ಮೇಜು, ಒಂದೇ ಪೆನ್ನು, ಅವನ ಜೇಬಿನದು. ಅವಳು ಪೆನ್ನನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು.

ಹೊರಡುವ ಮೊದಲಿನ ಭಾನುವಾರ, ಪದ್ಧತಿಯಂತೆ, ಪ್ರವಾಸಿಗರ ಪರಿಚಯದ ಸಭೆ. ಬಾಡಿಗೆಯ ಸಭಾಗೃಹ, ಸಾಲು ಕುರ್ಚಿ, ಎಲ್ಲರಿಗೂ ಕೆಂಪು ಟೋಪಿ. ಹಿಂದುಗಡೆ ಮೇಜಿನ ಆಚೆ ಲಾಲಪ್ಪ ಅವಲಕ್ಕಿಯ ಪಾತ್ರೆ ಇಟ್ಟುಕೊಂಡು ನಿಂತಿದ್ದ. ಆ ಗುರುವಾರದಿಂದ ಅನುಸೂಯಾ ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಗ್ಯಾಸ್ ಬಂತು, ನೀರು ಹೋಯಿತು. ಕಟ್ಟಡದ ಹೆಂಗಸರಿಗೆ ಅವಳು ಏನು ಹೇಳಿದಳೋ ಅವನಿಗೆ ತಿಳಿಯದು. ಮೆಟ್ಟಿಲಲ್ಲಿ ಸಿಕ್ಕರೆ ಅವರು ನಗುತ್ತಿದ್ದರು, ಯಾವ ದೇಶದ ಸುದ್ದಿಯನ್ನೂ ಕೇಳುತ್ತಿರಲಿಲ್ಲ.

ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿ, ಏನು ನೋಡಲು ಆಸೆ ಎಂದು ಹೇಳಬೇಕಿತ್ತು. ಒಬ್ಬ ನಿವೃತ್ತ ಗುಮಾಸ್ತ ವೆನಿಸ್ಸಿನ ದೋಣಿ ಅಂದ. ಒಬ್ಬಳು ಹಿಮ ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಎರಡನೆಯ ಸಾಲಿನಲ್ಲಿ ಅನುಸೂಯಾ ಎದ್ದಳು. ಟೋಪಿ ಸ್ವಲ್ಪ ದೊಡ್ಡದಾಗಿ ಕಿವಿಯ ತನಕ ಇಳಿದಿತ್ತು.

"ನಾನು ಎಲ್ಲಾ ನೋಡಬೇಕು," ಅಂದಳು ಮರಾಠಿಯಲ್ಲಿ. "ಆದರೆ ಹೇಗಿರುತ್ತದೆ ಅಂತ ಯಾರೂ ನನಗೆ ಮೊದಲೇ ಹೇಳಬಾರದು."

ಜನ ನಕ್ಕರು, ಚಪ್ಪಾಳೆ ಜೋರಾಯಿತು. ಲಾಲಪ್ಪ ಪಾತ್ರೆಯೊಳಗೆ ನೋಡುತ್ತ ಅವಲಕ್ಕಿ ಕಲಸಿದ.

ಆಮೇಲೆ ಸಾಲು ಹತ್ತಿತು. ಅನುಸೂಯಾ ಉಳಿದವರ ಹಾಗೆ ಕಾಗದದ ತಟ್ಟೆ ಹಿಡಿದು ಬಂದಳು. ಅವನು ಒಂದು ಸೌಟು ಹಾಕಿದ. "ಇನ್ನೊಂದೀಟು ಹಾಕ್ರಿ," ಅಂದಳು. ಹಾಕಿದ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತು, ಪಕ್ಕದವಳ ಜೊತೆ ಮಾತಿಗೆ ತೊಡಗಿದಳು.

ಹಿಂದೆ ನಿಂತಿದ್ದ ಗುಮಾಸ್ತ ತಟ್ಟೆ ಚಾಚಿ ಆತ್ಮೀಯವಾಗಿ ಬಾಗಿದ. "ಏನು ಮಹಾರಾಜ, ನೀವು ಇಡೀ ಜಗತ್ತು ನೋಡಿದವರು. ಎಲ್ಲಕ್ಕಿಂತ ಚೆಂದದ್ದು ಯಾವುದು?"

ಲಾಲಪ್ಪನ ನಾಲಿಗೆಯ ತುದಿಗೆ ಹಿಮದ ಗುಡ್ಡ ಬಂತು, ಯಾರದೋ ಮಾತಿನಲ್ಲಿ, ಮುಂಜಾನೆಯ ಬಿಸಿಲಿನ ಸಮೇತ. ಎರಡನೆಯ ಸಾಲಿನ ಕೆಂಪು ಟೋಪಿಯೊಂದು ಈ ಕಡೆ ತಿರುಗಿತೋ ಇಲ್ಲವೋ, ಅವನಿಗೆ ಖಾತ್ರಿಯಾಗಲಿಲ್ಲ.

"ನಾನು ಯಾವುದೂ ನೋಡಿಲ್ಲ ಸಾಹೇಬ್," ಅಂದ. "ನನ್ನದು ಅಡಿಗೆ."

ಗುಮಾಸ್ತನ ತಟ್ಟೆ ಇನ್ನೂ ಚಾಚಿಯೇ ಇತ್ತು. ಲಾಲಪ್ಪ ಅದಕ್ಕೆ ಅವಲಕ್ಕಿ ಹಾಕಿ, ಮೇಲೊಂದು ಚಿಮಟಿ ಕೊತ್ತಂಬರಿ ಉದುರಿಸಿ, ಮುಂದಿನವರತ್ತ ನೋಡಿದ. ಸಾಲು ಬಾಗಿಲಿನ ತನಕ ಇತ್ತು.