ಕುಂಟ ಬಂಡೆಯ ಗುರುತು

ಆ ಕಡಲ ದಡದ ಬಂಡೆಗಳಿಗೆ ಹೆಸರಿಟ್ಟವರು ಚಿಪ್ಪು ಕೆರೆಯುವ ಹೆಂಗಸರು. ಬೋಳು ಬಂಡೆ, ಕುಂಟ ಬಂಡೆ, ಅತ್ತೆ ಬಂಡೆ. ಈಗ ಪ್ರವಾಸ ಸಮಿತಿ ಅವೇ ಹೆಸರುಗಳನ್ನು ಹಲಗೆಯ ಮೇಲೆ ಬರೆಸಿ, ಕೆಳಗೆ ‘ನಮ್ಮ ಪರಂಪರೆ’ ಎಂದು ಸೇರಿಸಿತ್ತು. ಯಾರ ಪರಂಪರೆ? ಮೂವತ್ತು ವರ್ಷ ಅಲ್ಲಿ ಮೊಣಕಾಲು ಸವೆಸಿದ ಹಿರಿಸೊಸೆಗೆ ಟಿಕೆಟ್ ಹರಿಯುವ ಕೆಲಸ. ಅವಳಿಂದಲೇ ಎಲ್ಲ ಕಲಿತ ವಾರಗಿತ್ತಿಗೆ ನೀಲಿ ಜಾಕೆಟ್ಟು, ಕೊರಳಿಗೆ ಪೀಪಿ, ಗೈಡ್ ಎಂಬ ಬಿಲ್ಲೆ.

“ಅವಳಿಗೆ ಓದೋಕೆ ಬರುತ್ತಮ್ಮ,” ಎಂದಿದ್ದ ಸಮಿತಿಯ ಕಾರ್ಯದರ್ಶಿ.

“ಬಂಡೆ ಮೇಲೆ ಏನು ಬರ್ದಿದೆ ಅಂತ ಓದ್ತಾಳೆ?”

ಸಾಲದ್ದಕ್ಕೆ ಜಾಕೆಟ್ಟು ಅವಳಿಗೆ ಒಪ್ಪುತ್ತಿತ್ತು. ಹೊಟ್ಟೆಕಿಚ್ಚಿಗೆ ಅಷ್ಟು ಸಾಕು.

ಆ ಬೆಳಿಗ್ಗೆ ವಾರಗಿತ್ತಿ ಮೊದಲ ಸಲ ಹತ್ತು ಜನರನ್ನು ಹೊರಗಿನ ಬಂಡೆಗೆ ಕರೆದೊಯ್ದಳು. ಗಾಳಿ ಮಾತನ್ನು ದಡಕ್ಕೆ ತಂದಿತು: “ನೀರು ಬೋಳು ಬಂಡೆ ಮುಟ್ಟಿದ ತಕ್ಷಣ ವಾಪಸ್ ಹೊರಡ್ಬೇಕು. ನಮ್ಮಕ್ಕ ಹೇಳಿಕೊಟ್ಟ ಗುರುತು!”

ಹಿರಿಸೊಸೆಯ ಕೈ ಟಿಕೆಟ್ ಕಟ್ಟಿನ ಮೇಲೆಯೇ ನಿಂತಿತು.

ಆ ಗುರುತು ಸುಳ್ಳು. ಚಿಪ್ಪಿನವರು ಎಲ್ಲ ಕಲಿಸುತ್ತಾರೆ, ಉಬ್ಬರದ ನೀರಿನ ತಮ್ಮ ಗುರುತು ಮಾತ್ರ ಬಿಟ್ಟುಕೊಡುವುದಿಲ್ಲ. ವಾರಗಿತ್ತಿ ಹೊಸ ಮದುವಣಗಿತ್ತಿಯಾಗಿ ಬಂದು ಕೇಳಿದಾಗ ಇವಳು ಬಾಯಿಗೆ ಬಂದದ್ದು ಹೇಳಿದ್ದಳು, ಆಮೇಲೆ ತಿದ್ದಲಿಲ್ಲ. ನಿಜವಾದ ಗುರುತು ಕುಂಟ ಬಂಡೆ. ನೀರು ಬೋಳು ಬಂಡೆ ಮುಟ್ಟುವ ಹೊತ್ತಿಗೆ ದಡಕ್ಕೆ ಬರುವ ಓಣಿ ಸೊಂಟದವರೆಗೆ ತುಂಬಿರುತ್ತದೆ.

ಕುಂಟ ಬಂಡೆ ಆಗಲೇ ಒದ್ದೆಯಾಗಿತ್ತು.

ಸುಮ್ಮನಿದ್ದರೆ ಸಾಕು. ಎಲ್ಲರೂ ತೊಯ್ದು ತೊಪ್ಪೆಯಾಗಿ ಬೈಯುತ್ತ ಬರುತ್ತಾರೆ, ಜಾಕೆಟ್ಟು ಇಳಿಯುತ್ತದೆ. ಒಂದು ಗಳಿಗೆ ಆ ಯೋಚನೆ ಬೆಲ್ಲದಂತಿತ್ತು. ಆಮೇಲೆ ಗುಂಪಿನಲ್ಲಿ ಊರುಗೋಲಿನ ಮುದುಕಿ ಕಂಡಳು.

“ಬೋಳು ಅಲ್ಲ ಕಣೇ! ಕುಂಟ! ಕುಂಟ ಬಂಡೆ ನೋಡೇ ಪೆದ್ದಿ!” ಎದುರುಗಾಳಿಗೆ ಕೂಗು ಮುಟ್ಟಲಿಲ್ಲ. ಸೀರೆ ಎತ್ತಿ ಕಟ್ಟಿ, ಕೂಗುತ್ತಲೇ ತಾನೇ ಓಣಿಗೆ ಇಳಿದಳು.

ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ಸೇರಿ ಒಬ್ಬೊಬ್ಬರನ್ನೇ ದಾಟಿಸಿದರು. ಮುದುಕಿಯನ್ನು ಹೊತ್ತೇ ತಂದರು. ದಡದಲ್ಲಿ ವಾರಗಿತ್ತಿ ಏದುಸಿರು ಬಿಡುತ್ತ ನಿಂತಳು.

“ಹನ್ನೆರಡು ವರ್ಷ ಸುಳ್ಳು ಗುರುತು, ಅಕ್ಕ! ನೀವು ಎದ್ದಾಗ ಹಿಂದೇನೇ ಎದ್ದು ಬರ್ತಿದ್ದೆ, ಅದಕ್ಕೆ ಬದುಕಿದೀನಿ. ನೀವೊಂದಿನ ಜ್ವರ ಅಂತ ಮಲಗಿದ್ರೆ?”

ಹಿರಿಸೊಸೆ ಬಗ್ಗಿ ಸೀರೆಯ ನೀರು ಹಿಂಡಿದಳು.

ವಾರಗಿತ್ತಿ ಪೀಪಿ ಬಿಚ್ಚಿ, ಗದ್ದಲ ಕೇಳಿ ಓಡಿಬಂದಿದ್ದ ಕಾರ್ಯದರ್ಶಿಯ ಕೈಗಿಟ್ಟಳು. “ಇವರಿಗೇ ಕೊಡಿ ಸಾರ್. ಬಂಡೆಯೂ ಇವರದ್ದೇ, ಸುಳ್ಳೂ ಇವರದ್ದೇ.”

ಅವನು ಪೀಪಿಯನ್ನು ಹಿರಿಸೊಸೆಯತ್ತ ಚಾಚಿದ. ಬೇಡವೆನ್ನುವಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ, ತೆಗೆದುಕೊಂಡಳು. ವಾರಗಿತ್ತಿ ತಿರುಗಿ ನೋಡದೆ ದಿಬ್ಬ ಹತ್ತಿದಳು. ಒದ್ದೆ ಜಾಕೆಟ್ಟಿನಲ್ಲೂ ಹಾಳಾದವಳು ಚೆಂದವೇ ಕಾಣುತ್ತಿದ್ದಳು.